ಅಂಚೆಚೀಟಿ ಮತ್ತು ಮಣ್ಣಿನ ಬಂಡಿ: 'ಶರೇಡ್' ಚಿತ್ರದ ರಸವಿಚಾರ

ಪ್ರಣಯ, ಹಾಸ್ಯ ಮತ್ತು ಕೊಲೆಯ ರಹಸ್ಯ ಈ ಮೂರನ್ನೂ ಒಂದೇ ಕಥೆಯಲ್ಲಿ ಬೆರೆಸಲು ಹೊರಟ ಚಲನಚಿತ್ರಗಳ ಬಗೆಗೆ ಸಾಹಿತ್ಯದ ಗಂಭೀರ ಓದುಗರಿಗೆ ಮೊದಲಿನಿಂದಲೂ ಒಂದು ಅನುಮಾನವಿದೆ. ಅದು ನಿರಾಧಾರವಾದ ಅನುಮಾನವಲ್ಲ. ಇಂತಹ ಬಹುಪಾಲು ಚಿತ್ರಗಳಲ್ಲಿ ಪ್ರಣಯ ಆರಂಭವಾದೊಡನೆ ರಹಸ್ಯ ನಿದ್ದೆಹೋಗುತ್ತದೆ; ಹೆಣ ಬಿದ್ದೊಡನೆ ನಗೆ ಅಸಹ್ಯವಾಗುತ್ತದೆ; ಕೊನೆಗೆ ಮೂರೂ ಒಂದನ್ನೊಂದು ಕೆಡಿಸಿ, ಹೊತ್ತು ಕಳೆಯಲು ಬಂದವನ ಹೊತ್ತನ್ನೂ ಕೆಡಿಸುತ್ತವೆ. ಸ್ಟಾನ್ಲಿ ಡೊನೆನ್ ನಿರ್ದೇಶನದಲ್ಲಿ 1963ರ ಡಿಸೆಂಬರಿನಲ್ಲಿ ತೆರೆಕಂಡ ಅಮೆರಿಕದ 'ಶರೇಡ್' ಚಿತ್ರವನ್ನು ಇದೇ ಅನುಮಾನವನ್ನು ಇಟ್ಟುಕೊಂಡು ನೋಡಲು ಕುಳಿತವನು ಅರ್ಧ ಗಂಟೆಯೊಳಗೆ ಅದನ್ನು ಮರೆಯುತ್ತಾನೆ. ಹೀಗೇಕಾಗುತ್ತದೆ ಎಂಬುದು ಕಾವ್ಯಮೀಮಾಂಸೆಯ ವಿದ್ಯಾರ್ಥಿಗಳು ಯೋಚಿಸಬೇಕಾದ ಪ್ರಶ್ನೆ. ಚಿತ್ರದ ರಹಸ್ಯವನ್ನು ಒಡೆಯದೆ ಈ ಚರ್ಚೆ ಸಾಧ್ಯವಿಲ್ಲ. ಮೊದಲು ಚಿತ್ರವನ್ನೇ ನೋಡಬೇಕೆನ್ನುವವರು ಇಲ್ಲಿಗೇ ನಿಲ್ಲಿಸಿ, ನೋಡಿ ಬಂದ ಬಳಿಕ ಮುಂದುವರಿಯುವುದು ಲೇಸು.

ಕಥೆಯ ಹಂದರ ಹೀಗಿದೆ. ಓಡುತ್ತಿರುವ ರೈಲಿನಿಂದ ಒಬ್ಬ ಮನುಷ್ಯನ ಶವ ಹೊರಗೆ ಬೀಳುತ್ತದೆ. ಅತ್ತ ಫ್ರಾನ್ಸಿನ ಆಲ್ಪ್ಸ್ ಪರ್ವತದ ಮೆಜೆವ್ ಎಂಬ ವಿಹಾರಧಾಮದಲ್ಲಿ ಅವನ ಹೆಂಡತಿ ರೆಜಿನಾ ಲ್ಯಾಂಪರ್ಟ್ ತಾನು ಗಂಡನಿಂದ ವಿಚ್ಛೇದನ ಪಡೆಯುವುದಾಗಿ ಗೆಳತಿಯೊಡನೆ ಹೇಳುತ್ತಿದ್ದಾಳೆ. ಆಕೆ ಪ್ಯಾರಿಸ್ಸಿಗೆ ಹಿಂದಿರುಗಿದಾಗ ಮನೆ ಸಂಪೂರ್ಣ ಬರಿದಾಗಿದೆ. ಗಂಡ ಚಾರ್ಲ್ಸ್ ಎಲ್ಲವನ್ನೂ ಹರಾಜು ಹಾಕಿ ಎರಡೂವರೆ ಲಕ್ಷ ಡಾಲರ್ ಮಾಡಿಕೊಂಡು ಹೊರಟಿದ್ದ. ಆ ಹಣ ಈಗ ಎಲ್ಲಿಯೂ ಇಲ್ಲ. ಉಳಿದಿರುವುದು ಒಂದು ಸಣ್ಣ ಕೈಚೀಲ. ಅದರಲ್ಲಿ ದಿನಚರಿ, ಬಾಚಣಿಗೆ, ಹಲ್ಲಿನ ಪುಡಿ, ಹಲವು ದೇಶಗಳ ಪಾಸ್‌ಪೋರ್ಟುಗಳು, ಜೊತೆಗೆ ರೆಜಿನಾಳಿಗೆಂದು ಬರೆದು ಅಂಚೆಗೆ ಹಾಕದೆ ಉಳಿದ ಒಂದು ಕಾಗದ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಫ್ರೆಂಚ್ ಪ್ರತಿರೋಧ ಪಡೆಗೆ ತಲುಪಿಸಬೇಕಿದ್ದ ಚಿನ್ನವನ್ನು ಐವರು ಅಮೆರಿಕನ್ನರು ಕದ್ದಿದ್ದರೆಂದೂ, ಅವರಲ್ಲಿ ಕಾರ್ಸನ್ ಡೈಲ್ ಎಂಬವನು ಗುಂಡೇಟು ತಿಂದು ಸತ್ತನೆಂದೂ, ಚಾರ್ಲ್ಸ್ ಉಳಿದವರಿಗೆ ಮೋಸಮಾಡಿ ಎಲ್ಲವನ್ನೂ ತಾನೇ ಎತ್ತಿಕೊಂಡನೆಂದೂ ಅಮೆರಿಕದ ರಾಯಭಾರ ಕಚೇರಿಯ ಅಧಿಕಾರಿ ಬಾರ್ತಲೋಮ್ಯೂ ಆಕೆಗೆ ತಿಳಿಸುತ್ತಾನೆ. ಉಳಿದ ಮೂವರು ಈಗ ಆಕೆಯ ಬೆನ್ನಿಗೆ ಬಿದ್ದಿದ್ದಾರೆ. ನೆರವಿಗೆಂದು ಒದಗಿದವನು ಮೆಜೆವ್‌ನಲ್ಲಿ ಪರಿಚಯವಾದ ಪೀಟರ್ ಜೋಶುವಾ. ಆದರೆ ಅವನ ಹೆಸರು ಪೀಟರ್ ಜೋಶುವಾ ಅಲ್ಲ. ಆಮೇಲೆ ಹೇಳುವ ಹೆಸರೂ ಅವನದಲ್ಲ. ಅದರ ಆಮೇಲಿನದೂ ಅಲ್ಲ. ರೆಜಿನಾಳಾಗಿ ಆಡ್ರಿ ಹೆಪ್‌ಬರ್ನ್, ಹಲವು ಹೆಸರಿನವನಾಗಿ ಕ್ಯಾರಿ ಗ್ರ್ಯಾಂಟ್, ಅಧಿಕಾರಿಯಾಗಿ ವಾಲ್ಟರ್ ಮ್ಯಾಥೋ ನಟಿಸಿದ್ದಾರೆ. ಚಿತ್ರಕಥೆ ಪೀಟರ್ ಸ್ಟೋನ್ ಅವರದು.

'ಹಿಚ್‌ಕಾಕ್ ನಿರ್ದೇಶಿಸದ ಅತ್ಯುತ್ತಮ ಹಿಚ್‌ಕಾಕ್ ಚಿತ್ರ' ಎಂಬ ಹೊಗಳಿಕೆ ಈ ಕೃತಿಗೆ ಬಹುಕಾಲದಿಂದ ಅಂಟಿಕೊಂಡಿದೆ. ಅದು ಸುಲಭವಾದ ಹೊಗಳಿಕೆ, ಅಷ್ಟೇ ತಪ್ಪಾದುದು. ಹಿಚ್‌ಕಾಕ್ ತನ್ನ ಪ್ರೇಕ್ಷಕನಿಗೆ ಪಾತ್ರಗಳಿಗಿಂತ ಮೊದಲೇ ಒಂದಿಷ್ಟು ಸತ್ಯವನ್ನು ತಿಳಿಸಿ, ಆ ಅರಿವಿನ ಭಾರದಿಂದಲೇ ಅವನನ್ನು ಕಾಡುವ ನಿರ್ದೇಶಕ. 'ಶರೇಡ್'ನಲ್ಲಿಯೂ ಪ್ರೇಕ್ಷಕನಿಗೆ ರೆಜಿನಾಳಿಗಿಂತ ಮೊದಲು ಒಂದು ವಿಷಯ ತಿಳಿಯುತ್ತದೆ: ಆಕೆಯನ್ನು ರಕ್ಷಿಸುತ್ತಿರುವವನು ಆ ಮೂವರೊಡನೆ ಒಂದೇ ಕೋಣೆಯಲ್ಲಿ ಕುಳಿತು ಮಾತನಾಡುತ್ತಿದ್ದಾನೆ, ಅವರು ಅವನನ್ನು ಡೈಲ್ ಎಂದು ಕರೆಯುತ್ತಿದ್ದಾರೆ. ತನಗೆ ಗುಟ್ಟು ಸಿಕ್ಕಿತೆಂದು ಪ್ರೇಕ್ಷಕ ಬೀಗುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಆ ಗುಟ್ಟೂ ಸುಳ್ಳೆಂದು ತಿಳಿಯುತ್ತದೆ. ಮೊದಲೇ ತಿಳಿದವನೇ ಇಲ್ಲಿ ಹೆಚ್ಚು ಮೋಸಹೋಗುತ್ತಾನೆ. ಹಿಚ್‌ಕಾಕ್ ಪ್ರೇಕ್ಷಕನನ್ನು ಹೆದರಿಸುವ ಸ್ಥಳದಲ್ಲಿ ಡೊನೆನ್ ಅವನನ್ನೇ ನಗೆಗೀಡು ಮಾಡುತ್ತಾನೆ. ಜೀನ್ ಕೆಲಿಯ ಜೊತೆಗೂಡಿ 1952ರಲ್ಲಿ 'ಸಿಂಗಿಂಗ್ ಇನ್ ದ ರೇನ್' ಮಾಡಿದ್ದ ಈ ನಿರ್ದೇಶಕನ ಮೂಲ ಹಿಚ್‌ಕಾಕ್‌ನಲ್ಲಿಲ್ಲ, ಸಂಗೀತ–ನೃತ್ಯದ ಚಿತ್ರಗಳಲ್ಲಿದೆ. ಕಟ್ಟಡದ ಮಾಳಿಗೆಯ ಮೇಲೆ ರಾತ್ರಿಯಲ್ಲಿ ನಡೆಯುವ ಕಾದಾಟವನ್ನೂ ಅರಮನೆಯ ಕಂಬಸಾಲಿನ ಬೆನ್ನಟ್ಟುವಿಕೆಯನ್ನೂ ಮತ್ತೊಮ್ಮೆ ನೋಡಿದರೆ ಹೆಜ್ಜೆಗಳ ಲೆಕ್ಕಾಚಾರ ಕಾಣುತ್ತದೆ.

ಮುಖ್ಯ ಪ್ರಶ್ನೆ ರಸಗಳ ಬೆರಕೆಯದು. ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆಂದು ಭರತ ಹೇಳಿರುವುದರಿಂದ ಆ ಎರಡರ ಸಹವಾಸಕ್ಕೆ ಶಾಸ್ತ್ರದ ಅಡ್ಡಿಯಿಲ್ಲ. ತೊಡಕು ಬರುವುದು ಭಯಾನಕದಲ್ಲಿ. ಶೃಂಗಾರಕ್ಕೂ ಹಾಸ್ಯಕ್ಕೂ ಭಯಾನಕ ವಿರೋಧಿಯೆಂದು 'ಸಾಹಿತ್ಯದರ್ಪಣ'ದಂತಹ ಗ್ರಂಥಗಳು ಪಟ್ಟಿಮಾಡುತ್ತವೆ. ಹಾಸ್ಯಕ್ಕೆ ಕರುಣವೂ ವಿರೋಧಿ. ಈ ಪಟ್ಟಿಗಳನ್ನು ತರಗತಿಗಳಲ್ಲಿ ಬಾಯಿಪಾಠ ಮಾಡಿಸುವುದುಂಟು. ಪಟ್ಟಿಗಿಂತ ಮುಖ್ಯವಾದುದು ಆನಂದವರ್ಧನ 'ಧ್ವನ್ಯಾಲೋಕ'ದ ಮೂರನೆಯ ಉದ್ಯೋತದಲ್ಲಿ ನಡೆಸುವ ವಿಚಾರ: ವಿರೋಧಿ ರಸಗಳನ್ನು ಬಹಿಷ್ಕರಿಸಬೇಕಿಲ್ಲ, ಅವುಗಳ ವಿರೋಧವನ್ನು ಪರಿಹರಿಸುವ ಉಪಾಯಗಳಿವೆ. ಒಂದನ್ನು ಅಂಗಿಯಾಗಿಸಿ ಇನ್ನೊಂದನ್ನು ಅಂಗವಾಗಿಸಬಹುದು, ಎರಡಕ್ಕೂ ಬೇರೆ ಬೇರೆ ಆಶ್ರಯಗಳನ್ನು ಕಲ್ಪಿಸಬಹುದು, ನಡುವೆ ಮೂರನೆಯ ರಸವೊಂದನ್ನು ತರಬಹುದು. ಸಂಸ್ಕೃತ ಆಲಂಕಾರಿಕರ ಈ ಮಾತು ಕಾವ್ಯಕ್ಕೆ ಮಾತ್ರ ಅನ್ವಯಿಸುತ್ತದೆಂದು ತಿಳಿಯುವುದಕ್ಕೆ ಕಾರಣವೇನೂ ಇಲ್ಲ.

ಚಿತ್ರದ ಆರಂಭದಲ್ಲಿಯೇ ಇದರ ಪ್ರಯೋಗವಿದೆ. ಶವ ಬಿದ್ದುದನ್ನು ಕಂಡ ಪ್ರೇಕ್ಷಕನಿಗೆ, ಬಿಸಿಲಿನಲ್ಲಿ ಕುಳಿತ ರೆಜಿನಾಳ ಕಡೆಗೆ ಕೈಗವಸು ತೊಟ್ಟ ಕೈಯೊಂದು ಪಿಸ್ತೂಲು ಚಾಚುವುದು ಕಾಣುತ್ತದೆ. ಕುದುರೆ ಎಳೆಯುತ್ತದೆ, ಮುಖಕ್ಕೆ ನೀರು ಚಿಮ್ಮುತ್ತದೆ. ಅದು ಗೆಳತಿಯ ಮಗ, ಪುಟ್ಟ ಹುಡುಗ ಜಾನ್‌ಲೂಯಿಯ ಆಟಿಕೆ. ಭಯದ ವಿಭಾವ ಎಂದು ತೋರಿದ್ದು ಹಾಸ್ಯದ ವಿಭಾವವಾಗಿ ತಿರುಗುವ ಈ ಕ್ರಮವನ್ನು ಮೊದಲ ಕೆಲವು ನಿಮಿಷಗಳಲ್ಲಿಯೇ ಕಲಿಸಿ, ಮುಂದೆ ಅದನ್ನೇ ತಿರುವುಮುರುವು ಮಾಡುವುದು ಸ್ಟೋನ್ ಅವರ ಯುಕ್ತಿ. ಚಾರ್ಲ್ಸನ ಅಂತ್ಯಕ್ರಿಯೆಗೆ ಬರುವವರು ಇಲ್ಲವೆನ್ನುವಷ್ಟು ಕಡಿಮೆ. ಖಾಲಿ ಚರ್ಚಿನೊಳಕ್ಕೆ ಮೂವರು ಒಬ್ಬರ ಹಿಂದೊಬ್ಬರು ಬರುತ್ತಾರೆ. ಗಿಡಿಯನ್ ಶವದ ಮುಂದೆ ನಿಂತು ಸೀನುತ್ತಾನೆ. ಟೆಕ್ಸ್ ಶವದ ಮೂಗಿನ ಬಳಿ ಕನ್ನಡಿ ಹಿಡಿದು ಉಸಿರು ಇದೆಯೇ ಎಂದು ನೋಡುತ್ತಾನೆ. ಒಂದು ಕೈಯ ಜಾಗದಲ್ಲಿ ಉಕ್ಕಿನ ಕೊಕ್ಕೆಯಿರುವ ಸ್ಕೋಬಿ ಸೂಜಿಯಿಂದ ಚುಚ್ಚಿ ಪರೀಕ್ಷಿಸುತ್ತಾನೆ. ಇದು ನಗುವ ಸ್ಥಳವಲ್ಲ, ಆದರೆ ನಗು ತಡೆಯದು. ಅದೇ ಹೊತ್ತಿಗೆ ಈ ಮೂವರೂ ಎಷ್ಟು ನಿರ್ದಯರೆಂಬುದು ನಗೆಯ ಮೂಲಕವೇ ಮನದಟ್ಟಾಗುತ್ತದೆ.

ಇದಕ್ಕೆ ಪ್ರತಿಯಾಗಿ ರಾತ್ರಿ ಕ್ಲಬ್ಬಿನ ಪ್ರಸಂಗವನ್ನು ಇಡಬಹುದು. ಕೈ ಬಳಸದೆ, ಗದ್ದದ ಕೆಳಗೆ ಕಿತ್ತಳೆ ಹಣ್ಣನ್ನು ಒತ್ತಿ ಹಿಡಿದು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವ ಆಟ. ನಾಯಕನ ಪೇಚಾಟ, ರೆಜಿನಾಳ ಹತ್ತಿರ ಹಣ್ಣು ಬಂದಾಗ ಆಟವೇ ಆಲಿಂಗನವಾಗುವ ಬಗೆ, ಎಲ್ಲವೂ ಶೃಂಗಾರಹಾಸ್ಯದ ಒಳ್ಳೆಯ ಮಾದರಿ. ಅದೇ ಸಾಲಿನಲ್ಲಿ ಗಿಡಿಯನ್ ಎದುರಾಗುತ್ತಾನೆ. ಅಷ್ಟೇ ಸಮೀಪದಿಂದ, ಅದೇ ಭಂಗಿಯಲ್ಲಿ ಬೆದರಿಕೆ ಹಾಕುತ್ತಾನೆ. ಅಲ್ಲಿಂದ ತಪ್ಪಿಸಿಕೊಂಡು ದೂರವಾಣಿಯ ಗೂಡನ್ನು ಹೊಕ್ಕರೆ ಟೆಕ್ಸ್ ಉರಿಯುವ ಕಡ್ಡಿಗಳನ್ನು ಒಂದೊಂದಾಗಿ ಆಕೆಯ ಮೇಲೆ ಹಾಕುತ್ತಾನೆ. ದೇಹದ ಸಾಮೀಪ್ಯವೆಂಬ ಒಂದೇ ವಿಭಾವ ಐದು ನಿಮಿಷದೊಳಗೆ ಮೂರು ರಸಗಳಿಗೆ ದುಡಿಯುತ್ತದೆ. ವಿರೋಧಿ ರಸಗಳ ನಡುವೆ ಮೂರನೆಯದನ್ನು ಇಡಬೇಕೆಂಬ ಉಪಾಯಕ್ಕಿಂತ ಇದು ಒಂದು ಹೆಜ್ಜೆ ಮುಂದಿನದು: ಇಲ್ಲಿ ನಡುವೆ ಗೋಡೆಯಿಲ್ಲ, ಬಾಗಿಲಿದೆ.

ಇಂತಹ ಬೆರಕೆ ಆಧುನಿಕ ಚಿತ್ರೋದ್ಯಮದ ಆವಿಷ್ಕಾರವೆಂದು ನಂಬುವ ವಿದ್ಯಾರ್ಥಿಗಳಿಗೆ ಶೂದ್ರಕನ 'ಮೃಚ್ಛಕಟಿಕ'ವನ್ನು ಮತ್ತೊಮ್ಮೆ ತೆರೆಯಲು ಹೇಳಬೇಕಾಗುತ್ತದೆ. ಗಿರೀಶ ಕಾರ್ನಾಡರು 1984ರಲ್ಲಿ ಹಿಂದಿಯ 'ಉತ್ಸವ್' ಚಿತ್ರಕ್ಕೆ ಆಧಾರವಾಗಿ ಇದನ್ನೇ ಎತ್ತಿಕೊಂಡರು. ಹತ್ತು ಅಂಕಗಳ ಈ ಪ್ರಕರಣದಲ್ಲಿ ಪ್ರಣಯವಿದೆ, ಕಳ್ಳತನವಿದೆ, ಕೊಲೆಯ ಆರೋಪವಿದೆ, ನ್ಯಾಯಾಲಯವಿದೆ. ಎಲ್ಲದರ ನಡುವೆ ನಗೆ ಬತ್ತುವುದಿಲ್ಲ. ಗೋಡೆಗೆ ಕನ್ನ ಕೊರೆಯುವ ಶರ್ವಿಲಕ ಕನ್ನದ ಆಕಾರ ಹೇಗಿದ್ದರೆ ಚೆಂದವೆಂದು ಶಾಸ್ತ್ರೋಕ್ತವಾಗಿ ಚಿಂತಿಸುತ್ತಾನೆ, ಅಳತೆಗೆ ಜನಿವಾರವನ್ನು ಬಳಸುತ್ತಾನೆ. ಪೀಟರ್ ಸ್ಟೋನ್ ಶೂದ್ರಕನನ್ನು ಓದಿದ್ದರೆಂದು ಹೇಳುವುದಕ್ಕೆ ಆಧಾರವಿಲ್ಲ. ಪ್ರಭಾವವನ್ನು ಸಾಧಿಸುವುದು ಇಲ್ಲಿನ ಉದ್ದೇಶವೂ ಅಲ್ಲ. ಒಂದೇ ಬಗೆಯ ಕಥನಸಮಸ್ಯೆಗೆ ಎರಡು ಕಾಲದ ಕುಶಲಿಗಳು ಕಂಡುಕೊಂಡ ಪರಿಹಾರ ಎಷ್ಟು ಹತ್ತಿರ ಬರುತ್ತದೆ ಎಂಬುದಷ್ಟೇ ಗಮನಾರ್ಹ.

ಎರಡು ಕೃತಿಗಳಲ್ಲಿಯೂ ಸಂಪತ್ತು ಮಗುವಿನ ಕೈಗೆ ಹೋಗುತ್ತದೆ. ನೆರೆಮನೆಯ ಹುಡುಗನ ಚಿನ್ನದ ಬಂಡಿಯನ್ನು ಕಂಡು, ತನ್ನ ಮಣ್ಣಿನ ಬಂಡಿ ಬೇಡವೆಂದು ಅಳುವ ಚಾರುದತ್ತನ ಮಗ ರೋಹಸೇನನಿಗೆ ವಸಂತಸೇನೆ ತನ್ನ ಒಡವೆಗಳನ್ನೇ ಕಳಚಿ ಬಂಡಿಗೆ ತುಂಬುತ್ತಾಳೆ. 'ಶರೇಡ್'ನಲ್ಲಿ ಎಲ್ಲರೂ ಹುಡುಕುತ್ತಿರುವ ಎರಡೂವರೆ ಲಕ್ಷ ಡಾಲರ್ ಕಾಗದದ ಮೇಲೆ ಅಂಟಿಸಿದ ಮೂರು ಅಂಚೆಚೀಟಿಗಳಲ್ಲಿ ಅಡಗಿದೆ. ಪೊಲೀಸರು, ಕಳ್ಳರು, ಅಧಿಕಾರಿಗಳು ಆ ಕೈಚೀಲವನ್ನು ಎಷ್ಟೋ ಸಲ ಜಾಲಾಡುತ್ತಾರೆ. ಲಕೋಟೆಯ ಒಳಗಿನ ಕಾಗದವನ್ನು ಓದುತ್ತಾರೆ, ಲಕೋಟೆಯ ಹೊರಮೈಯನ್ನು ಯಾರೂ ನೋಡುವುದಿಲ್ಲ. ಅಂಚೆಚೀಟಿ ಸಂಗ್ರಹಿಸುವ ಜಾನ್‌ಲೂಯಿ ಕೇಳಿದನೆಂದು ರೆಜಿನಾ ಅವನ್ನು ಹರಿದು ಕೊಟ್ಟುಬಿಡುತ್ತಾಳೆ. ಹುಡುಗ ಚೀಟಿಗಳ ಬಯಲು ಸಂತೆಗೆ ಹೋಗಿ, ಮುದಿ ವ್ಯಾಪಾರಿ ಫೆಲಿಕ್ಸ್‌ನಿಂದ ಬಣ್ಣಬಣ್ಣದ ಒಂದು ಚೀಲ ಚೀಟಿಗಳನ್ನು ಪಡೆದು ಆ ಮೂರನ್ನು ಕೊಡುತ್ತಾನೆ. ಬೆಲೆ ತಿಳಿಯದವನ ಕೈಯಲ್ಲಿ ಮಾತ್ರ ಬೆಲೆಯುಳ್ಳ ವಸ್ತು ಸುರಕ್ಷಿತವಾಗಿರುತ್ತದೆಂಬ ಈ ವ್ಯಂಗ್ಯ ಎರಡು ಕೃತಿಗಳಿಗೂ ಸಮಾನ. ಶೂದ್ರಕನಲ್ಲಿ ಅದು ತುಸು ಹೆಚ್ಚು ಕಹಿ: ಮಗುವಿಗೆ ಪ್ರೀತಿಯಿಂದ ಕೊಟ್ಟ ಒಡವೆಗಳೇ ನ್ಯಾಯಾಲಯದಲ್ಲಿ ವಿದೂಷಕ ಮೈತ್ರೇಯನ ಮೈಯಿಂದ ಕೆಳಗೆ ಉದುರಿ, ಚಾರುದತ್ತನ ಮೇಲಿನ ಕೊಲೆಯ ಆರೋಪಕ್ಕೆ ಸಾಕ್ಷಿಯಾಗುತ್ತವೆ.

ಈ ಸಾಕ್ಷಿಯ ವಿಚಾರದಲ್ಲಿ ಸಾಮ್ಯ ಇನ್ನೂ ಆಳವಾದುದು. ಒಡವೆ ವಸಂತಸೇನೆಯದೆಂಬುದು ನಿಜ. ಅದರಿಂದ ಚಾರುದತ್ತ ಕೊಲೆಗಾರನೆಂದು ಊಹಿಸಿದ್ದು ಸುಳ್ಳು. 'ಶರೇಡ್'ನಲ್ಲಿ ಉಸಿರುಗಟ್ಟಿ ಸಾಯುವ ಟೆಕ್ಸ್ ನೆಲಹಾಸಿನ ಮೇಲೆ ಬೆರಳಿನಿಂದ 'ಡೈಲ್' ಎಂದು ಬರೆಯುತ್ತಾನೆ. ಬರೆದದ್ದು ನಿಜ; ರೆಜಿನಾ ಅದರಿಂದ ತನ್ನ ಪ್ರಿಯನೇ ಕೊಲೆಗಾರನೆಂದು ತಿಳಿದದ್ದು ಸುಳ್ಳು, ಏಕೆಂದರೆ ಒಂದು ಹಂತದಲ್ಲಿ ಡೈಲನ ತಮ್ಮನೆಂದು ಹೇಳಿಕೊಂಡಿದ್ದವನು ಡೈಲನೇ ಅಲ್ಲ. ಎರಡು ಕಡೆಯೂ ವಸ್ತು ಸುಳ್ಳಾಡುವುದಿಲ್ಲ, ಅನುಮಾನಪ್ರಮಾಣ ಸೋಲುತ್ತದೆ. ಎರಡು ಕಡೆಯೂ ಸತ್ತಿದ್ದಾರೆಂದು ಎಲ್ಲರೂ ನಂಬಿದ ವ್ಯಕ್ತಿ ಸತ್ತಿಲ್ಲ. ವಸಂತಸೇನೆ ವಧ್ಯಸ್ಥಾನಕ್ಕೆ ಓಡಿಬಂದಾಗ ಅದು ಹರ್ಷಕ್ಕೆ ಕಾರಣ; ಬಾರ್ತಲೋಮ್ಯೂ ಎಂಬ ಸೌಮ್ಯ ಅಧಿಕಾರಿಯೇ ಹಿಂದೆ ಸತ್ತನೆಂದು ಬಿಟ್ಟುಬಂದ ಕಾರ್ಸನ್ ಡೈಲ್ ಎಂದು ತಿಳಿದಾಗ ಅದು ನಡುಕಕ್ಕೆ ಕಾರಣ. ನಿರ್ವಹಣದಲ್ಲಿ ಅದ್ಭುತವಿರಬೇಕೆಂಬ ಭರತನ ಸೂಚನೆಗೆ ಇವು ಎರಡು ವಿರುದ್ಧ ದಿಕ್ಕಿನ ಉದಾಹರಣೆಗಳು.

ಫೆಲಿಕ್ಸ್‌ನ ಪಾತ್ರಕ್ಕೆ ದೊರೆತಿರುವುದು ಬಹಳ ಕಡಿಮೆ ಸಮಯ, ಆದರೂ ಚಿತ್ರದ ನೈತಿಕ ಕೇಂದ್ರ ಅವನೇ. ಇಡೀ ಚಿತ್ರದಲ್ಲಿ ಕೊಟ್ಟ ಹೆಸರನ್ನೂ ಇಟ್ಟ ನಂಬಿಕೆಯನ್ನೂ ಉಳಿಸಿಕೊಂಡವರು ವಿರಳ. ಈ ವ್ಯಾಪಾರಿ ಮಾತ್ರ ಚೀಟಿಗಳನ್ನು ನೋಡಿದೊಡನೆ ಗುರುತಿಸಿ, ಕೇಳಿಕೊಂಡು ಬಂದವಳಿಗೆ ಹಿಂದಿರುಗಿಸುತ್ತಾನೆ. ಕೆಲವು ಕ್ಷಣ ಅವು ತನ್ನವಾಗಿದ್ದವು, ಅಷ್ಟು ಸಾಕೆಂಬುದು ಅವನ ಭಾವ. ಕಳವಾದ ನ್ಯಾಸಕ್ಕೆ ಬದಲಾಗಿ, ಅದಕ್ಕಿಂತ ಬೆಲೆಬಾಳುವ ಹೆಂಡತಿಯ ರತ್ನಹಾರವನ್ನು ಕಳುಹಿಸಿಕೊಡುವ ಚಾರುದತ್ತನ ನೆನಪಾಗದೆ ಇರದು. ಚೀಟಿಗಳಿಗೂ ವಾಸ್ತವದ ನೆಲೆಯಿದೆ. ಹಸಿರು ಬಣ್ಣದಲ್ಲಿ ಅಚ್ಚಾಗಬೇಕಿದ್ದು ತಪ್ಪಿ ಹಳದಿಯಲ್ಲಿ ಅಚ್ಚಾದ ಸ್ವೀಡನ್ನಿನ ಮೂರು ಸ್ಕಿಲ್ಲಿಂಗಿನ ಚೀಟಿ ಸಂಗ್ರಾಹಕರ ಲೋಕದಲ್ಲಿ ಪ್ರಸಿದ್ಧ. ಚಿತ್ರದಲ್ಲಿ ಅದು ನಾಲ್ಕು ಸ್ಕಿಲ್ಲಿಂಗಿನದಾಗಿದೆ. ಹವಾಯಿ ಮತ್ತು ಮೊಲ್ಡೇವಿಯಾದ ಚೀಟಿಗಳಲ್ಲಿಯೂ ಇಂತಹ ಸಣ್ಣ ವ್ಯತ್ಯಾಸಗಳಿವೆ.

ಕನ್ನಡದ ವಿದ್ವತ್ ವಲಯಕ್ಕೆ ಇದರಲ್ಲಿ ಒಂದು ಪಾಲಿದೆ. ಕೈಲಾಸಂ ಅವರ ನಾಟಕಗಳ ನಗೆಯ ಕೆಳಗಿರುವ ನೋವನ್ನು ಗುರುತಿಸಿ ಅವನ್ನು ಗೌರವಿಸುವ ವಿಮರ್ಶೆ, ಆ ನಗೆ ನಗೆಯಾಗಿ ಹೇಗೆ ಕಟ್ಟಲ್ಪಟ್ಟಿದೆ ಎಂದು ಕೇಳುವುದು ಕಡಿಮೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಕನ್ನಡಕ್ಕೆ ಓದುಗರನ್ನು ತಂದುಕೊಟ್ಟವೆಂದು ಸಭೆಗಳಲ್ಲಿ ಹೇಳಿ ಮುಗಿಸಲಾಗುತ್ತದೆ. ಅವುಗಳ ವಸ್ತುಸಂವಿಧಾನವನ್ನು ಕುರಿತು ಪ್ರಬಂಧ ಬರೆಯಹೊರಟ ಸಂಶೋಧನಾರ್ಥಿಗೆ ಇದಕ್ಕಿಂತ ತೂಕದ ವಿಷಯ ಸಿಗಲಿಲ್ಲವೇ ಎಂಬ ಪ್ರಶ್ನೆ ಎದುರಾಗುವ ಸಂಭವವೇ ಹೆಚ್ಚು. ಶೋಕಕ್ಕೆ ತೂಕ, ನಗೆಗೆ ಹಗುರ ಎಂಬ ಈ ತಕ್ಕಡಿ ಭರತನದಲ್ಲ, ಆನಂದವರ್ಧನನದೂ ಅಲ್ಲ. ನಗಿಸುವ, ಹೆದರಿಸುವ, ಪ್ರೀತಿಸುವ ಕಥೆಯನ್ನು ಒಂದೇ ಹದದಲ್ಲಿ ನಡೆಸುವುದಕ್ಕೆ ದುರಂತ ಬರೆಯುವಷ್ಟೇ ಎಚ್ಚರ ಬೇಕು. 'ಶರೇಡ್'ನಂತಹ ಚಿತ್ರ ಚೆನ್ನಾಗಿದೆಯೆಂದು ಅಧ್ಯಾಪಕರು ಹೇಳುವಾಗ ಕ್ಷಮೆ ಕೇಳುವ ಧ್ವನಿ ಬರಬೇಕಾಗಿಲ್ಲ.

ಹಾಗೆಂದು ಚಿತ್ರ ನಿರ್ದೋಷಿಯೇನಲ್ಲ. ಫ್ರೆಂಚ್ ಪೊಲೀಸ್ ಅಧಿಕಾರಿ ಬರಿಯ ಸಿದ್ಧಮಾದರಿಯ ವಿದೂಷಕ. ಚಾರ್ಲ್ಸನ ಸಾವಿಗೆ ಯಾರೊಬ್ಬರೂ ಒಂದು ಹನಿ ಕಣ್ಣೀರು ಸುರಿಸುವುದಿಲ್ಲ. ಕರುಣ ಬಂದರೆ ಹಾಸ್ಯ ಕೆಡುತ್ತದೆಂಬ ಲೆಕ್ಕ ಅದು. ಲೆಕ್ಕ ಸರಿಯಿದ್ದರೂ ಹೆಂಡತಿಯ ಪಾತ್ರಕ್ಕೆ ಅದರಿಂದ ಒಂದಿಷ್ಟು ನಷ್ಟವಾಗಿದೆ. ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿದ, ಲಿಫ್ಟಿನಲ್ಲಿ ಕೊಯ್ದ ಹೆಣಗಳು ಕಣ್ಣಿಗೆ ಬೇಕಾದುದಕ್ಕಿಂತ ಹೆಚ್ಚು ಬೀಳುತ್ತವೆ. ನಾಯಕ–ನಾಯಿಕೆಯರ ವಯಸ್ಸಿನ ಅಂತರವೂ ಚರ್ಚೆಗೆ ಯೋಗ್ಯ: ಚಿತ್ರ ತೆರೆಕಂಡಾಗ ಗ್ರ್ಯಾಂಟ್‌ಗೆ 59, ಹೆಪ್‌ಬರ್ನ್‌ಗೆ 34. ಈ ಅಂತರ ಗ್ರ್ಯಾಂಟ್‌ಗೇ ಇರಿಸುಮುರಿಸು ತಂದು, ಬೆನ್ನುಹತ್ತುವವಳು ನಾಯಿಕೆಯಾಗುವಂತೆ ಸಂಭಾಷಣೆ ಬದಲಾಯಿತೆಂಬುದು ಚಿತ್ರದ ಇತಿಹಾಸದಲ್ಲಿ ದಾಖಲಾದ ಸಂಗತಿ. ಮುಜುಗರದಿಂದ ಹುಟ್ಟಿದ ಈ ಬದಲಾವಣೆಯೇ ಚಿತ್ರದ ಅದೃಷ್ಟ. ಪ್ರೇಮವನ್ನು ಮೊದಲು ಪ್ರಕಟಿಸುವವಳು, ಹಠ ಹಿಡಿಯುವವಳು ಅವಳೇ. ಸಂಕೋಚದಿಂದ ಹಿಂದೆ ಸರಿಯುವವನು ಅವನು. ಅದು ಕೇವಲ ಹಾಸ್ಯದ ತಿರುವಲ್ಲ. ಪೀಟರ್ ಜೋಶುವಾ ಎಂದವನು ಅಲೆಕ್ಸಾಂಡರ್ ಡೈಲ್ ಆದ, ಅವನೇ ಕಳ್ಳ ಆಡಮ್ ಕ್ಯಾನ್‌ಫೀಲ್ಡ್ ಆದ. ಪ್ರತಿ ಸಲವೂ ಹಿಂದಿನ ಹೆಸರಿನವನನ್ನು ಪ್ರೀತಿಸಿದ್ದು ವ್ಯರ್ಥವಾಯಿತೇ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕಾದವಳು ರೆಜಿನಾ. ಅಭಿಜ್ಞಾನಕ್ಕೆ ಉಂಗುರವಿಲ್ಲ, ಹೆಸರೂ ಇಲ್ಲ. ಎಣಿಸಿ ನೋಡಲು ಇರುವುದು ಅವನ ನಡತೆ ಮಾತ್ರ.

ಆ ಪರೀಕ್ಷೆ ನಡೆಯುವುದು ರಾತ್ರಿಯ ಪ್ಯಾಲೆ ರೊಯಾಲ್ ಅರಮನೆಯ ಕಂಬಗಳ ನಡುವೆ. ಒಂದು ಕಡೆ ಅಧಿಕಾರಿ, ಇನ್ನೊಂದು ಕಡೆ ಹಲವು ಹೆಸರಿನವನು, ನಡುವೆ ಚೀಟಿಗಳನ್ನು ಹಿಡಿದ ರೆಜಿನಾ. ಸತ್ಯವನ್ನೇ ಹೇಳಿಕೊಂಡು ಬಂದಂತಿರುವವನು ಒಬ್ಬ, ಸುಳ್ಳೇ ಹೇಳಿಕೊಂಡು ಬಂದವನು ಇನ್ನೊಬ್ಬ, ನಂಬಬೇಕಾದುದು ಸುಳ್ಳುಗಾರನನ್ನು. ತರ್ಕ ಇಲ್ಲಿ ಕೈಕೊಡುತ್ತದೆ. ಕಾರ್ಸನ್ ಡೈಲ್‌ನ ಅಂತ್ಯವೂ ಖಾಲಿ ನಾಟಕಶಾಲೆಯಲ್ಲಿ ಆಗುತ್ತದೆ. ರೆಜಿನಾ ಅಡಗಿರುವುದು ನಟರಿಗೆ ಮಾತು ಎತ್ತಿಕೊಡುವವನು ಕೂರುವ ಗೂಡಿನಲ್ಲಿ. ಇಷ್ಟು ಕಾಲ ಸುಳ್ಳು ಪಾತ್ರ ವಹಿಸಿದವನು ನಿಂತಿರುವುದು ರಂಗದ ನಡುಮಧ್ಯೆ. ಅವನನ್ನು ಕೆಡವುವುದು ರಂಗದ ಕೆಳಗಿನ ಕಳ್ಳಬಾಗಿಲು. ಮರುದಿನ ರಾಯಭಾರ ಕಚೇರಿಯಲ್ಲಿ ಹಲವು ಹೆಸರಿನವನು ಬ್ರಯನ್ ಕ್ರುಕ್‌ಶ್ಯಾಂಕ್ ಎಂಬ ಸರ್ಕಾರಿ ನೌಕರನೆಂದು ಬಯಲಾಗುತ್ತದೆ. ಹುಟ್ಟುವ ಗಂಡುಮಕ್ಕಳಿಗೆಲ್ಲ ಅವನ ಒಂದೊಂದು ಹೆಸರನ್ನು ಇಡಬಹುದೆಂದು ರೆಜಿನಾ ಲೆಕ್ಕ ಹಾಕುತ್ತಾಳೆ.

ಗ್ರಂಥಸಂಪಾದನೆಯಲ್ಲಿ ಆಸಕ್ತಿಯುಳ್ಳವರು ಈ ಚಿತ್ರದ ಪಾಠಪರಂಪರೆಯನ್ನೂ ಗಮನಿಸಬೇಕು. ಆಗ ಜಾರಿಯಲ್ಲಿದ್ದ ಅಮೆರಿಕದ ಕಾನೂನಿನಂತೆ ಕೃತಿಯ ಮೇಲೆ ಹಕ್ಕುಸ್ವಾಮ್ಯದ ಸೂಚನೆ ನಿಗದಿತ ರೂಪದಲ್ಲಿರಬೇಕಿತ್ತು. 'ಶರೇಡ್'ನ ಶೀರ್ಷಿಕೆಗಳಲ್ಲಿ ವರ್ಷವಿದೆ, ಸಂಸ್ಥೆಗಳ ಹೆಸರಿದೆ, ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ ಎಂಬ ಮಾತೂ ಇದೆ. 'ಕಾಪಿರೈಟ್' ಎಂಬ ಪದವಾಗಲಿ ಅದರ ಚಿಹ್ನೆಯಾಗಲಿ ಇಲ್ಲ. ಒಂದು ಪದ ಬಿಟ್ಟುಹೋದ ಕಾರಣಕ್ಕೆ ಚಿತ್ರ ತೆರೆಕಂಡ ಕ್ಷಣದಿಂದಲೇ ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತಾಯಿತು. ಹೆನ್ರಿ ಮ್ಯಾನ್ಸಿನಿಯ ಸಂಗೀತದ ಹಕ್ಕು ಮಾತ್ರ ಬೇರೆಯಾಗಿ ಉಳಿಯಿತು. ಮುಂದೆ ಯಾರು ಬೇಕಾದರೂ ಪ್ರತಿ ಮಾಡಬಹುದಾದುದರಿಂದ, ಪ್ರತಿಯ ಪ್ರತಿಯ ಪ್ರತಿಯಾಗಿ, ಬಣ್ಣ ಕಳೆದುಕೊಂಡ ಮಸುಕು ಮುದ್ರಣಗಳೇ ಬಹುಕಾಲ ಹರಡಿದವು. ಓಲೆಗರಿಗಳ ಲಿಪಿಕಾರರನ್ನು ಬಲ್ಲವರಿಗೆ ಇದು ಅಪರಿಚಿತ ಕಥೆಯಲ್ಲ. ಒಂದು ನಿಜವಾದ ಪಾಠಾಂತರವೂ ಇದೆ. ಅಧ್ಯಕ್ಷ ಕೆನೆಡಿಯವರ ಹತ್ಯೆಯಾದದ್ದು 1963ರ ನವೆಂಬರ್ 22ರಂದು. ಚಿತ್ರ ತೆರೆಕಂಡದ್ದು ಎರಡು ವಾರ ತುಂಬುವ ಮೊದಲು. ಯಾವ ಕ್ಷಣದಲ್ಲಾದರೂ ತಾವು ಹತ್ಯೆಗೀಡಾಗಬಹುದೆಂದು ರೆಜಿನಾ ಹೇಳುವ ಮಾತಿನಲ್ಲಿ, ಅಧ್ಯಕ್ಷರ ಹತ್ಯೆಗೆ ಬಳಕೆಯಾಗುತ್ತಿದ್ದ ಅದೇ ಇಂಗ್ಲಿಷ್ ಪದವಿತ್ತು. ಅದನ್ನು ತೆಗೆದು, 'ಇಲ್ಲವಾಗಿಸು' ಎಂಬರ್ಥದ ಸೌಮ್ಯ ಪದವನ್ನು ನಟಿಯ ತುಟಿಚಲನೆಯ ಮೇಲೆ ಅವಸರದಲ್ಲಿ ಕೂರಿಸಲಾಯಿತು. ಈಗ ದೊರೆಯುವ ಪ್ರತಿಗಳಲ್ಲಿ ಕೆಲವು ಮೂಲಪದವನ್ನು ಮತ್ತೆ ತಂದಿವೆ, ಕೆಲವು ತಂದಿಲ್ಲ. ಮೊದಲು ಬರೆದ ಪಾಠ ಒಂದು, ಮೊದಲ ಪ್ರೇಕ್ಷಕರು ಕೇಳಿದ ಪಾಠ ಇನ್ನೊಂದು.